ಮಾಳಿಗಿಯಿಂದ ಗಿಟಾರಿಗೆ: ರಘು ದೀಕ್ಷಿತ್ ಮತ್ತು ಶರೀಫರ ಪದ

ಕಲಘಟಗಿ ತಾಲೂಕಿನ ದೇವಿಕೊಪ್ಪ ಮಲೆನಾಡಿನ ಸೆರಗು. ಮಳೆ ಜೋರು, ಅದಕ್ಕೇ ಮನೆಗಳಿಗೆ ಹಂಚು. ಇಲ್ಲಿಂದ ಮೂಡಲಿಗೆ, ಕುಂದಗೋಳ-ನವಲಗುಂದದ ಎರೆ ಸೀಮೆಗೆ ಇಳಿದರೆ ಮಣ್ಣಿನ ಮಾಳಿಗೆಗಳು. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಬೀಳದಿದ್ದರೆ ಒಳಗೆ ಪಾತ್ರೆ ಇಡಬೇಕಾಗುತ್ತದೆ. ತತ್ವಪದಕಾರ ಶಿಶುನಾಳ ಶರೀಫರ (1819–1889) ‘ಸೋರುತಿಹುದು ಮನಿಯ ಮಾಳಿಗಿ’ ಇಂಥ ಸೂರಿನಡಿಯ ಪದ. ಅದು 2008ರಲ್ಲಿ ಗಿಟಾರು, ಡ್ರಮ್ಸ್ ಕಟ್ಟಿಕೊಂಡು ಗಾಯಕ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಸೇರಿತು. ಕನ್ನಡ ರಾಕ್‌ನ ಚರಿತ್ರೆಯನ್ನು ಬೆಂಗಳೂರಿನ ಪಬ್ಬುಗಳಿಂದ ಶುರುಮಾಡುವುದು ರೂಢಿ. ಕುಂದಗೋಳ ತಾಲೂಕಿನ ಕಳಸದಿಂದ, ಅಂದರೆ ಶರೀಫರ ಗುರು ಗೋವಿಂದ ಭಟ್ಟರ ಊರಿನಿಂದ ಶುರುಮಾಡುವುದು ಹೆಚ್ಚು ಸರಿ ಎಂಬುದು ನನ್ನ ವಾದ.

ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ, ಪಂತಕ್ಕೆ ಬಿದ್ದು. ತೊಂಬತ್ತರ ದಶಕದ ಕೊನೆಗೆ ‘ಅಂತರಾಗ್ನಿ’ ತಂಡ ಕಟ್ಟಿದರು. ಧ್ವನಿಮುದ್ರಣ ಕಂಪನಿಗಳು ಬಾಗಿಲು ತೆರೆಯಲು ವರ್ಷಗಳೇ ಹಿಡಿದವು. ಕೊನೆಗೆ ಆಲ್ಬಮ್ ಹೊರತಂದದ್ದು ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡೇ ಹಾಡಿದರು.

ಶರೀಫರ ಪದಕ್ಕೆ ಗಿಟಾರು ಕಟ್ಟಿದ್ದನ್ನು ‘ಫ್ಯೂಷನ್’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಕಡೆಯ ಭಜನಿ ಮೇಳವನ್ನು ಒಮ್ಮೆ ಕೇಳಬೇಕು. ಏಕತಾರಿ ಒಂದೇ ಸ್ವರ ಹಿಡಿದು ಕೂತಿರುತ್ತದೆ. ಮುಂದಿನವರು ನುಡಿ ಮುಗಿಸುವಷ್ಟರಲ್ಲಿ ಹಿಂದಿನವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ದಮ್ಮಡಿ ನುಡಿನುಡಿಗೂ ಬಿರುಸಾಗಿ, ಕಡೆಗೆ ತಾಳ ಹಾಕುವವರ ಮೈಯೇ ಕುಣಿಯುತ್ತದೆ. ರಾಕ್ ಹಾಡಿಗೆ ಬೇಕಾದ್ದೆಲ್ಲ, ಬಿಡದ ಮೊರೆತ, ಗುಂಪಿನ ಪಲ್ಲವಿ, ಏರುವ ಲಯ, ತತ್ವಪದದಲ್ಲಿ ಆಗಲೇ ಇತ್ತು. ದೀಕ್ಷಿತ್ ಕಂಡುಕೊಂಡದ್ದು ಈ ನಂಟನ್ನು.

ಶರೀಫರಿಗೂ ದೀಕ್ಷಿತರಿಗೂ ನಡುವೆ ಸಂಗೀತ ಸಂಯೋಜಕ ಸಿ. ಅಶ್ವತ್ಥ್ ಇದ್ದಾರೆ ಎಂಬುದನ್ನು ಮರೆಯಬಾರದು. ಅವರು ಸಂಗೀತ ನೀಡಿದ, ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದ ಹೊತ್ತಿಗೆ ಶರೀಫರ ಪದಗಳು ಹಳೆ ಮೈಸೂರಿನ ಮನೆಗಳಿಗೂ ತಲುಪಿದ್ದವು.

ನಷ್ಟವೂ ಇದೆ. ದೀಕ್ಷಿತ್ ಅದೇ ಆಲ್ಬಮ್ಮಿನಲ್ಲಿ ಹಾಡಿದ ‘ಗುಡುಗುಡಿಯ ಸೇದಿ ನೋಡೋ’ ಪದದ ಹುಕ್ಕಾ ದೇಹದ ರೂಪಕ. ಡ್ರಮ್ಮಿನ ಭರಾಟೆಯಲ್ಲಿ ಹೊಗೆಯಷ್ಟೇ ಉಳಿಯುವ ಅಪಾಯವಿದೆ. ಆದರೂ ಮೈಸೂರಿನಲ್ಲಿ ಬೆಳೆದ ಗಾಯಕ ‘ಮನಿ’ಯನ್ನು ‘ಮನೆ’ ಮಾಡಲಿಲ್ಲ, ಧಾರವಾಡದ ಇಕಾರವನ್ನು ತಿದ್ದಲಿಲ್ಲ. ಮುಂದೆ ‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಗಳಿಗೆ ಒಳ್ಳೆಯ ರಾಗಗಳನ್ನು ಕೊಟ್ಟರು. ಆದರೆ ಅವರ ದನಿಗೆ ತಕ್ಕ ಸಾಹಿತ್ಯ ಒದಗಿಸಿದವರು ಶರೀಫರೇ. ಆ ಮೊದಲ ಆಲ್ಬಮ್ಮಿನಲ್ಲಿ ಕನ್ನಡದ ಹಾಡು ಎರಡೇ; ಎರಡೂ ಶರೀಫರವು.