ನೀರಿನಲ್ಲೇ ಗಟ್ಟಿಯಾಗುವ ಅಂಟು

ಒದ್ದೆಯಾದ ಮೇಲ್ಮೈಗೆ ಅಂಟು ಹಿಡಿಯುವುದಿಲ್ಲ ಎಂಬುದು ಎಲ್ಲರ ಅನುಭವ. ನಡುವೆ ನೀರಿನ ತೆಳುಪದರ ಅಡ್ಡ ಬರುತ್ತದೆ. ಆದರೆ ಕ್ಯಾಲಿಫೋರ್ನಿಯಾ ಕರಾವಳಿಯ ಬಂಡೆಗಳ ಮೇಲೆ ವಾಸಿಸುವ ಫ್ರಾಗ್ಮಟೋಪೋಮ ಎಂಬ ಹುಳು, ಅಲೆಗಳ ಹೊಡೆತದ ನಡುವೆಯೇ ಮರಳಿನ ಕಣಗಳನ್ನೂ ಚಿಪ್ಪಿನ ಚೂರುಗಳನ್ನೂ ಅಂಟಿಸಿ ತನ್ನ ರಕ್ಷಣೆಗೆ ಕೊಳವೆ ಕಟ್ಟಿಕೊಳ್ಳುತ್ತದೆ.

1889ರಲ್ಲಿಯೇ ಫ್ಯೂಕ್ಸ್ ಈ ಹುಳುವನ್ನು ವಿವರಿಸಿದ್ದರೂ ಅದರ ಅಂಟಿನ ಗುಟ್ಟು ಬಯಲಾಗಲು ಸುಮಾರು ನೂರು ವರ್ಷಗಳೇ ಬೇಕಾದವು. 1988ರಲ್ಲಿ ಜೆನ್ಸೆನ್ ಮತ್ತು ಮೋರ್ಸ್ ಅದರಲ್ಲಿ ಡೋಪ ಎಂಬ ಅಮೈನೋ ಆಮ್ಲವನ್ನು ಗುರುತಿಸಿದರು. ಬಂಡೆಗೆ ಅಂಟಿಕೊಳ್ಳುವ ಮಸ್ಸೆಲ್ ಚಿಪ್ಪುಜೀವಿಯ ಅಂಟಿನಲ್ಲಿಯೂ ಡೋಪ ಇದೆ. 2005ರಲ್ಲಿ ಸ್ಟೀವರ್ಟ್, ವೇಟ್ ಮತ್ತು ಸಂಗಡಿಗರು ಅಂಟಿನ ಪ್ರೋಟೀನುಗಳನ್ನು ವಿಶ್ಲೇಷಿಸಿದರು. ಕೆಲವಕ್ಕೆ ಧನ ವಿದ್ಯುದಾವೇಶ, ಉಳಿದ ಕೆಲವಕ್ಕೆ ಫಾಸ್ಫೇಟಿನಿಂದ ಬಂದ ಋಣ ವಿದ್ಯುದಾವೇಶ!

ವಿರುದ್ಧ ಆವೇಶಗಳ ಆಕರ್ಷಣೆಯಿಂದಾಗಿ ಅಂಟು ನೀರಿನಲ್ಲಿ ಚದುರಿಹೋಗುವುದಿಲ್ಲ. ಆಮ್ಲೀಯವಾದ ಗ್ರಂಥಿಯಿಂದ ಹೊರಟು, ಪಿಎಚ್ ಸುಮಾರು 8 ಇರುವ ಕಡಲ ನೀರನ್ನು ಸೇರಿದಾಗ ಅದು ಗಟ್ಟಿಯಾಗತೊಡಗುತ್ತದೆ. ಸುಮಾರು 30 ಸೆಕೆಂಡುಗಳಲ್ಲಿ ಕಣ ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿ ಅಂಟು ಚರ್ಮದಂತೆ ಗಡುಸಾಗುತ್ತದೆ.

ನಮ್ಮ ದೇಹದ ಒಳಗೂ ಎಲ್ಲವೂ ಒದ್ದೆಯೇ ತಾನೆ? ಚೂರಾದ ಎಲುಬಿನ ಸಣ್ಣ ತುಣುಕುಗಳನ್ನು ತಿರುಪುಮೊಳೆಯಿಂದ ಜೋಡಿಸುವುದು ಕಷ್ಟ. ಅದಕ್ಕೆಂದೇ ಸ್ಟೀವರ್ಟ್ ತಂಡ ಇದೇ ತತ್ತ್ವದ ಕೃತಕ ಅಂಟುಗಳನ್ನು ರೂಪಿಸತೊಡಗಿತು. ತರಗತಿಯಲ್ಲಿ ಕಲಿಯುವ ಕೂಲಂಬ್ ನಿಯಮ, ಹುಳುವಿನ ಮನೆಯ ಗೋಡೆಯಲ್ಲಿಯೂ ಕೆಲಸ ಮಾಡುತ್ತಿದೆ.