ಬದಲಾವಣೆಗೆ ಜೊತೆಯಾಗುವ ಕ್ರಮಗಳು: ಚಾಮರಾಜನಗರ ಸೀಮೆಯ ನಾಲ್ಕು ದಶಕಗಳ ಅನುಭವ

ಒಬ್ಬರು ತಮ್ಮ ರೂಢಿ ಬದಲಿಸಿಕೊಳ್ಳಲು ಇನ್ನೊಬ್ಬರು ಹೇಗೆ ನೆರವಾಗಬೇಕು? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನ ಹಲವು ಚೌಕಟ್ಟುಗಳನ್ನು ಕಟ್ಟಿಕೊಟ್ಟಿತು. ನೆರವು ಬಯಸಿ ಬಂದವರ ಮಾತನ್ನೇ ಕೇಂದ್ರವಾಗಿಟ್ಟುಕೊಳ್ಳಬೇಕೆಂದು ಕಾರ್ಲ್ ರೋಜರ್ಸ್ 1951ರಲ್ಲಿ ವಾದಿಸಿದರು. 1983ರಲ್ಲಿ ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟಿ, ಧೂಮಪಾನ ಬಿಡುವವರನ್ನು ಅಧ್ಯಯನ ಮಾಡಿ, ಬದಲಾವಣೆ ಹಂತಹಂತವಾಗಿ ನಡೆಯುತ್ತದೆಂದು ತೋರಿಸಿದರು. ಅದೇ ವರ್ಷ ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆಯವರೊಡನೆ ವಾದಕ್ಕಿಳಿಯದೆ, ಅವರ ಬಾಯಿಂದಲೇ ಕಾರಣ ಹೊರಡಿಸುವ ಸಂವಾದ ಕ್ರಮವನ್ನು ವಿವರಿಸಿದರು. ಗುರಿ, ವಾಸ್ತವ, ಆಯ್ಕೆ, ಸಂಕಲ್ಪ ಎಂಬ ನಾಲ್ಕು ಮೆಟ್ಟಿಲುಗಳ 'ಗ್ರೋ' ಮಾದರಿ ಜಾನ್ ವಿಟ್ಮೋರ್ ಅವರ 1992ರ ಪುಸ್ತಕದಿಂದ ಕಚೇರಿಗಳಿಗೆ ಹಬ್ಬಿತು. ಇಂದು ಕೋಚಿಂಗ್ ವೃತ್ತಿಯವರು ಕಲಿಯುವುದು ಬಹುಪಾಲು ಇವನ್ನೇ.

ಯಾವ ಸಂದರ್ಭಕ್ಕೆ ಯಾವುದು ಒದಗುತ್ತದೆ ಎಂಬುದನ್ನು ಮಾತ್ರ ಪುಸ್ತಕಗಳಿಗಿಂತ ಊರುಗಳ ಚರಿತ್ರೆ ಚೆನ್ನಾಗಿ ಹೇಳುತ್ತದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಚಾಮರಾಜನಗರದಲ್ಲಿ ಈ ಆಯ್ಕೆಗಳು ಆ ಹೆಸರುಗಳಿಲ್ಲದೆಯೇ ನಡೆದಿವೆ. ಅವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಇದು: ಬೇಕಾದ ತಿಳಿವಳಿಕೆ ಯಾರ ಬಳಿ ಇದೆ, ತಡೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳೇ ಕ್ರಮವನ್ನು ನಿರ್ಧರಿಸಬೇಕು.

ಮೊದಲು ಯಳಂದೂರು. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ತಾಲ್ಲೂಕಿನಲ್ಲಿ ಕುಷ್ಠರೋಗ ವ್ಯಾಪಕವಾಗಿದ್ದುದರಿಂದ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿ ಆಗ ಕೆಲವೇ ವರ್ಷಗಳಾಗಿದ್ದವು. ಇಲ್ಲಿ ತಿಳಿವಳಿಕೆ ನಿಸ್ಸಂಶಯವಾಗಿ ವೈದ್ಯರ ಬಳಿಯಿತ್ತು. ಯಾವ ಮಾತ್ರೆ, ಎಷ್ಟು ಕಾಲ ಎಂದು ರೋಗಿಯನ್ನೇ ಕೇಳುತ್ತ ಕೂರುವುದು ಆ ರೋಗಿಗೇ ಮಾಡುವ ಅನ್ಯಾಯವಾಗುತ್ತಿತ್ತು. ನೇರವಾಗಿ ಹೇಳಬೇಕಿತ್ತು, ಹೇಳಿದರು. ಆದರೆ ಮಚ್ಚೆಯನ್ನು ಮುಚ್ಚಿಟ್ಟುಕೊಳ್ಳುವವರನ್ನು ಔಷಧದ ಮಾಹಿತಿಯಷ್ಟೇ ಮನೆಯಿಂದ ಹೊರಗೆ ತರುವುದಿಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾದಾಗ, ಊರವರ ಕಣ್ಣಿಗೆ ಬೀಳುವ ಭಯ ರೋಗಕ್ಕಿಂತ ದೊಡ್ಡದಾಗುತ್ತದೆ. ಕುಷ್ಠರೋಗದ ಕೆಲಸವನ್ನು ಪ್ರಾಥಮಿಕ ಆರೋಗ್ಯ ಸೇವೆಯೊಳಗೇ ಸೇರಿಸಿದ್ದನ್ನು ನಾನು ಮಹತ್ವದ ನಿರ್ಧಾರವೆನ್ನುವುದು ಇದಕ್ಕೇ: ಜ್ವರಕ್ಕೂ ಹೆರಿಗೆಗೂ ಜನ ಬರುವ ಬಾಗಿಲಲ್ಲಿ ಕುಷ್ಠರೋಗಿಯನ್ನು ಯಾರೂ ಪ್ರತ್ಯೇಕವಾಗಿ ಗುರುತಿಸಲಾರರು. ಚಿಕಿತ್ಸೆಯಲ್ಲಿ ಉಪದೇಶ, ಕಳಂಕದ ವಿಷಯದಲ್ಲಿ ವ್ಯವಸ್ಥೆಯ ಮಾರ್ಪಾಡು ಎಂದು ಒಂದೇ ಕಾರ್ಯಕ್ರಮದಲ್ಲಿ ಎರಡು ಕ್ರಮಗಳು ಕೂಡಿದ್ದವು. ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯನ್ನು 1996ರಲ್ಲಿ ಟ್ರಸ್ಟ್ ವಹಿಸಿಕೊಂಡದ್ದು ಇದರ ಮುಂದುವರಿಕೆ.

ಬೇಸಾಯದ ಕಥೆ ಬೇರೆ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಬೆಂಬಲದಿಂದ ಭಾರತಕ್ಕೆ ಬಂದ 'ತರಬೇತಿ ಮತ್ತು ಭೇಟಿ' ಪದ್ಧತಿಯ ರೂವಾರಿ ಡೇನಿಯಲ್ ಬೆನೋರ್. ಕೃಷಿ ವಿಸ್ತರಣಾ ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಆಯ್ದ ಸಂಪರ್ಕ ರೈತರನ್ನು ಕಂಡು, ಮೇಲಿನಿಂದ ಬಂದ ಸಂದೇಶವನ್ನು ತಲುಪಿಸಬೇಕಿತ್ತು. ಅವರಿಂದ ಉಳಿದವರಿಗೆ ಅದು ಹರಡಬೇಕಿತ್ತು. ನಾಲೆಯ ನೀರು ನಂಬಿದ ಏಕರೂಪದ ಗದ್ದೆ ಬಯಲಿಗೆ ಇದು ಹೊಂದಬಹುದು. ಮಳೆಯಾಶ್ರಯದ ಹೊಲದಲ್ಲಿ ಒಂದು ತುದಿಯ ಮಣ್ಣೇ ಇನ್ನೊಂದು ತುದಿಗೆ ಹೋಲದಿರುವಾಗ, ಒಂದೇ ಸಂದೇಶ ಎಷ್ಟು ಜನರ ಕೆಲಸಕ್ಕೆ ಬಂದೀತು?

ಇದಕ್ಕೆ ಎದುರಾದ ದಾರಿಯೊಂದು ರೈತರಿಂದಲೇ ತೆರೆಯಿತು. 2000ದ ದಶಕದ ಮೊದಲಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಬಳಗ ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ನೈಸರ್ಗಿಕ ಕೃಷಿಯ ಶಿಬಿರಗಳನ್ನು ನಡೆಸತೊಡಗಿತು. ಸಂಘದ ನಾಯಕರಾಗಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕನಸಾಗಿದ್ದ ಅಮೃತಭೂಮಿ ಚಾಮರಾಜನಗರದ ಹೊಂಡರಬಾಳಿನಲ್ಲಿ ಕಲಿಕೆಯ ಕೇಂದ್ರವಾಗಿ ಬೆಳೆಯಿತು. ಶಿಬಿರದ ಪಾಠ ಉಪನ್ಯಾಸವೇ, ಅದೂ ದಿನಗಟ್ಟಲೆ. ಆದರೆ ಸಗಣಿ, ಗಂಜಲದಿಂದ ಮಾಡುವ ಜೀವಾಮೃತ, ಬೀಜೋಪಚಾರದ ಬೀಜಾಮೃತ, ಮಣ್ಣಿನ ಹೊದಿಕೆ ಇವನ್ನು ರೈತ ನಂಬುವುದು ಪಕ್ಕದವರ ಹೊಲದಲ್ಲಿ ಕಂಡಾಗ. ರೈತರಿಂದ ರೈತರಿಗೆ ಎಂಬ ಈ ಬಗೆ 1970ರ ದಶಕದ ಗ್ವಾಟೆಮಾಲಾದಲ್ಲಿ ಬೇರುಬಿಟ್ಟು, ನಿಕರಾಗುವಾ, ಕ್ಯೂಬಾಗಳಿಗೆ ಹರಡಿದ್ದಕ್ಕೂ ಕಾರಣ ಅದೇ: ನಷ್ಟವಾದರೆ ತನ್ನಂತೆಯೇ ಸಾಲದಲ್ಲಿ ಬೀಳುವವನ ಮಾತಿಗೆ ಇರುವ ತೂಕ ಅಧಿಕಾರಿಯ ಮಾತಿಗಿಲ್ಲ. ಇಳುವರಿಯ ಕುರಿತ ಪ್ರತಿಪಾದನೆಗಳ ಬಗ್ಗೆ ವಿಜ್ಞಾನಿಗಳ ತಕರಾರು ಉಂಟು. ಅದು ಪ್ರತ್ಯೇಕವಾಗಿ ಪರೀಕ್ಷಿಸಬೇಕಾದ ವಿಷಯ. ಕಲಿಸುವ ಕ್ರಮವಾಗಿ ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು.

ತಿಳಿವಳಿಕೆ ಪೂರ್ತಿಯಾಗಿ ಜನರ ಬಳಿಯೇ ಇದ್ದ ಸಂದರ್ಭ ಆದಿವಾಸಿ ಸಮುದಾಯವಾದ ಸೋಲಿಗರದು. 1990ರ ದಶಕದಲ್ಲಿ ಬಿಳಿಗಿರಿ ಬೆಟ್ಟದಲ್ಲಿ ಸಂಶೋಧಕರು ನೆಲ್ಲಿಕಾಯಿ, ಜೇನು ಸಂಗ್ರಹಿಸುವವರೊಡನೆ ಸೇರಿ ಫಸಲಿನ ಅಂದಾಜು, ಮರಗಳ ಸ್ಥಿತಿ ದಾಖಲಿಸತೊಡಗಿದರು. ನೆಲ್ಲಿಮರ ಸೊರಗುವುದಕ್ಕೆ ಅತಿಯಾದ ಕೊಯ್ಲು ಕಾರಣವೆಂಬುದು ಹೊರಗಿನವರ ಸುಲಭದ ಊಹೆ. ಸೋಲಿಗರು ತೋರಿಸಿದ್ದು ಬಂದಣಿಕೆಯನ್ನು. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ, ಅಂದರೆ ಬೇಸಿಗೆಯ ಮೊದಲಲ್ಲಿ ಒಣಗಿದೆಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ, ನಿಂತ ಮೇಲೆ ಈ ಪರಾವಲಂಬಿ ಗಿಡವೂ ಲಂಟಾನವೂ ಏರಿದವೆಂದರು. ಬಂದಣಿಕೆ ನೆಲ್ಲಿಮರಗಳನ್ನು ಕೊಲ್ಲುತ್ತಿರುವುದನ್ನು ಮುಂದಿನ ಅಧ್ಯಯನಗಳೂ ಗುರುತಿಸಿದವು. ಇಲ್ಲಿ ಕೇಳಿಸಿಕೊಳ್ಳುವುದೇ ಕ್ರಮವಾಗಬೇಕಿತ್ತು. ಬದಲಾಗಬೇಕಾದವರು ಸಲಹೆ ಕೊಡಲು ಬಂದವರೇ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನಂತರ ಅಭಯಾರಣ್ಯದಲ್ಲಿ ಸಂಗ್ರಹಕ್ಕೆ ನಿಷೇಧ ಬಿದ್ದಾಗ, ಈ ಜಂಟಿ ದಾಖಲೆಯ ಕೆಲಸದ ಬುಡವೇ ಅಲುಗಿತು. 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು, ಅದೂ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ.

ಗುಂಡ್ಲುಪೇಟೆಗೆ ಬಂದರೆ ಚೌಕಟ್ಟುಗಳ ಮಿತಿ ಸ್ಪಷ್ಟವಾಗುತ್ತದೆ. ಬಂಡೀಪುರದ ಅಂಚಿನ ಹಳ್ಳಿಯ ರೈತನಿಗೆ ಕಾಡುಪ್ರಾಣಿಯ ಬಗ್ಗೆ ಸಹನೆ ಬೆಳೆಸಿಕೊಳ್ಳಿ ಎಂದು ಎಷ್ಟು ಚಂದದ ಸಂವಾದ ನಡೆಸಿದರೂ, ರಾತ್ರಿ ಆನೆ ತುಳಿದ ಬೆಳೆಯ ಲೆಕ್ಕ ಹಾಗೆಯೇ ಉಳಿಯುತ್ತದೆ. ಅವನಲ್ಲಿ ಕೊರತೆಯಿರುವುದು ಮನಸ್ಸಿನದಲ್ಲ. ಪರಿಹಾರದ ಅರ್ಜಿಗೆ ಬೇಕಾದ ಫೋಟೊ, ದಾಖಲೆ, ಕಚೇರಿಗೆ ಅಲೆಯಲು ದಿನದ ಕೂಲಿ ಇವು ಅವನನ್ನು ತಡೆಯುತ್ತವೆ. 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತ ಆರಂಭವಾದ 'ವೈಲ್ಡ್ ಸೇವೆ' ಈ ಜಾಗಕ್ಕೇ ಕೈಹಾಕಿತು: ಉಚಿತ ದೂರವಾಣಿಗೆ ಕರೆ ಮಾಡಿದರೆ ಸಿಬ್ಬಂದಿ ಹೊಲಕ್ಕೇ ಬಂದು ಹಾನಿ ದಾಖಲಿಸಿ, ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಸೂಸನ್ ಮಿಷಿ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದ ನಡವಳಿಕೆ ಬದಲಾವಣೆಯ ಮಾದರಿ ಸಾಮರ್ಥ್ಯ, ಪ್ರೇರಣೆಗಳ ಜೊತೆಗೆ ಅವಕಾಶವನ್ನೂ, ಅಂದರೆ ಇಂಥ ಹೊರಗಿನ ಸ್ಥಿತಿಗತಿಯನ್ನೂ, ಸೇರಿಸಿಕೊಂಡಿತು. ನಾಲ್ಕು ಮೆಟ್ಟಿಲಿನ 'ಗ್ರೋ' ಮಾತುಕತೆಯಲ್ಲಿ ಆ ಮೂರನೆಯದಕ್ಕೆ ಸಿಗುವ ಜಾಗ ತೀರ ಕಿರಿದು. ಗುಂಡ್ಲುಪೇಟೆ, ಚಾಮರಾಜನಗರಗಳಲ್ಲಿ ಕೆಲಸಕ್ಕೆ ಇಳಿಯುವ ಸಲಹೆಗಾರರು, ವಿಸ್ತರಣಾಧಿಕಾರಿಗಳು, ಆಪ್ತಸಮಾಲೋಚಕರು ಮೊದಲ ಭೇಟಿಯ ಟಿಪ್ಪಣಿಯಲ್ಲಿ ಗುರಿಗಿಂತ ಮುಂಚೆ ಈ ತಡೆಗಳನ್ನು ಬರೆದುಕೊಳ್ಳಬೇಕು, ಅದೂ ಎದುರಿಗಿರುವವರು ಹೇಳಿದ ಮಾತುಗಳಲ್ಲೇ.