ಮಾನ್ಯಖೇಟವೂ ತಿರುಳ್ಗನ್ನಡದ ಸೀಮೆಯೂ

ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದ ಮಳಖೇಡವೆಂಬುದು ಇಂದು ಪಂಡಿತರಲ್ಲಿ ವಾದಗ್ರಸ್ತವಾದ ವಿಷಯವಲ್ಲ. ‘ಕವಿರಾಜಮಾರ್ಗ’ವನ್ನು ಪಾಠಹೇಳುವ ಅಧ್ಯಾಪಕರು ಈ ಊರಿನ ಹೆಸರನ್ನು ಮೊದಲ ದಿನವೇ ಎತ್ತುವರು, ಕನ್ನಡದ ಮೊದಲ ಲಕ್ಷಣಗ್ರಂಥಕ್ಕೆ ಆಶ್ರಯವಿತ್ತ ಆಸ್ಥಾನದ ಊರೆಂದು ವಿದ್ಯಾರ್ಥಿಗಳಿಗೆ ತೋರಿಸಿಕೊಡುವರು. ಆದರೆ ಅದೇ ಗ್ರಂಥವು ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಈ ರಾಜಧಾನಿಯನ್ನು ಹೊರಗೆ ಬಿಟ್ಟಿದೆ. ಈ ಮೌನವನ್ನು ನಾವು ಪಾಠದ ನಡುವೆ ಅಷ್ಟಾಗಿ ಗಮನಿಸುವುದಿಲ್ಲ. ಊರನ್ನು ಕಣ್ಣಾರೆ ನೋಡಿದ ಮೇಲೆ ಇದಕ್ಕೆ ಅರ್ಥವುಂಟೆಂದು ನನಗೆ ತೋರಿತು. ಆ ಅರ್ಥವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಳಖೇಡವು ಕಲಬುರಗಿಯಿಂದ ಸೇಡಮಿಗೆ ಹೋಗುವ ದಾರಿಯಲ್ಲಿ ಸುಮಾರು 25 ಮೈಲಿ ದೂರದಲ್ಲಿದೆ. ರೈಲಿನಲ್ಲಿ ಬರುವವರಿಗೆ ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯ ಮೇಲೆ, ಚಿತ್ತಾಪುರಕ್ಕೂ ಸೇಡಮಿಗೂ ನಡುವೆ, ಈ ಊರಿನ ಹೆಸರಿನದೇ ಒಂದು ನಿಲ್ದಾಣವುಂಟು. ಗುಂಡಗುರ್ತಿಯ ಸುತ್ತಣ ಹೊಲಗಳಿಂದ ಹಿಡಿದು ಕಾಗಿಣಾ ನದಿಯ ದಡದವರೆಗೆ ಕಾಣುವುದೆಲ್ಲ ಮರ ವಿರಳವಾದ ಬಯಲು. ಮಳೆ ವರ್ಷಕ್ಕೆ 30 ಅಂಗುಲದ ಆಚೀಚೆ. ಅದೂ ನಂಬಿಕೆಗೆ ದೂರವಾದದ್ದು. ಮಳೆ ಹಿಡಿದ ವರ್ಷ ಎರೆಯ ನೆಲದಲ್ಲಿ ತೊಗರಿ ಜೋಳಗಳು ತುಂಬಿ ನಿಲ್ಲುವುವು. ಬೇಸಗೆಯಲ್ಲಿ ಅದೇ ನೆಲ ಅಂಗೈಯಗಲ ಬಿರಿದು ಮರುಭೂಮಿಯ ತಮ್ಮನಂತೆ ಬಿದ್ದಿರುವುದು. ಮಣ್ಣು ಸರಿದ ಕಡೆಯಲ್ಲೆಲ್ಲ ಪದರಪದರವಾದ ಸುಣ್ಣದಕಲ್ಲು ಹೊರಗೆ ತೋರುತ್ತದೆ. ಶಹಾಬಾದಿನ ಹೆಸರಿನಿಂದ ದೂರದೂರಕ್ಕೆ ಹೋಗುವ ಕಲ್ಲು ಇದೇ. ಸೀಮೆಯ ಜನ ಇದನ್ನು ಪರ್ಸಿ ಎನ್ನುವರು. ಇದೇ ಕಲ್ಲನ್ನು ಅರೆದು ಸಿಮೆಂಟು ಮಾಡುವ ಕಾರ್ಖಾನೆಯ ಧೂಮನಾಳಗಳು ಇಂದು ಮಳಖೇಡದ ಕೋಟೆಗಿಂತ ಮೊದಲು ಕಣ್ಣಿಗೆ ಬೀಳುವುವು.

ಈ ಕಲ್ಲಿನ ವಿಷಯದಲ್ಲಿ ಇನ್ನೊಂದು ಮಾತು. ಹಲಗೆಯಂತೆ ಸೀಳುವ ಕಲ್ಲಿನಿಂದ ಗೋಡೆ ಎಬ್ಬಿಸುವುದು ಸುಲಭ. ಬಿಚ್ಚಿ ಒಯ್ಯುವುದು ಅದಕ್ಕಿಂತ ಸುಲಭ. ಪಟ್ಟದಕಲ್ಲಿನಲ್ಲಿ ಇರುವಂತೆ ದೊಡ್ಡ ದೇಗುಲಗಳ ಸಾಲು ಇಲ್ಲಿ ಏಕೆ ಉಳಿಯಲಿಲ್ಲವೆಂಬುದಕ್ಕೆ ಶತ್ರುಗಳ ಕೊಳ್ಳೆಯೊಂದೇ ಕಾರಣವಲ್ಲ, ಒಂದು ಸಾವಿರ ವರ್ಷಗಳ ಕಾಲ ಹೊಸಮನೆ ಕಟ್ಟಿಕೊಂಡವರ ಅವಶ್ಯಕತೆಯೂ ಕಾರಣವಾಗಿರಬೇಕೆಂದು ನನ್ನ ಊಹೆ. ಕಾಗಿಣೆಯ ದಡದ ಕೋಟೆಯಲ್ಲಿ ಇಂದು ಕಾಣುವ ಬುರುಜು ಬಾಗಿಲುಗಳಲ್ಲಿ ಹೆಚ್ಚಿನವು ನಂತರದ ಕಾಲದವು. ಹಳಮೆಯನ್ನು ನಿಜವಾಗಿ ಹೇಳುವುದು ನೇಮಿನಾಥನ ಬಸದಿ. ಅದರ ಕಂಬಗಳೂ ಬಿಂಬಗಳೂ, ಪಂಚಲೋಹದ ಸಣ್ಣಪ್ರತಿಮೆಗಳಿರುವ ಮಂಟಪವೂ ಇಲ್ಲಿ ನೆಲಸಿದ್ದ ಜೈನಸಂಘದ ಸಾಕ್ಷ್ಯವಾಗಿ ನಿಂತಿವೆ. ಮಾಧ್ವರಿಗಾದರೋ ಮಳಖೇಡವು ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ಕ್ಷೇತ್ರ. ಊರಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಅದಕ್ಕಾಗಿಯೇ ಬರುವರು. ನೃಪತುಂಗನಿಗಾಗಿ ಬರುವವರು ಕಡಮೆ.

ಹೀಗೆ ನೆಲದ ಮೇಲೆ ಕಾಣದ ನಗರವನ್ನು ಬರಹಗಳಲ್ಲಿ ಹುಡುಕಬೇಕಾಗುತ್ತದೆ. ಮೂರನೆಯ ಕೃಷ್ಣನ ದೇವಳಿ ತಾಮ್ರಶಾಸನವು (ಕ್ರಿ. ಶ. 940) ಅಮೋಘವರ್ಷನು ದೇವತೆಗಳ ಗರ್ವವನ್ನು ಮುರಿಯುವುದಕ್ಕೋ ಎಂಬಂತೆ ಇಂದ್ರನ ನಗರಿಯನ್ನು ನಗುವ ಮಾನ್ಯಖೇಟವನ್ನು ಮಾಡಿಸಿದನೆಂದು ಹೇಳುತ್ತದೆ. ಪ್ರಶಸ್ತಿಕಾರರ ಅತಿಶಯವನ್ನು ಕಳೆದರೂ ಉಳಿಯುವ ಸಂಗತಿ ಒಂದುಂಟು: ವಂಶದವರ ನೆನಪಿನಲ್ಲಿ ಇದು ಹೊಸದಾಗಿ ಕಟ್ಟಿದ ಊರು. 860ರ ದಾನವನ್ನು ಹೇಳುವ ಕೊಣ್ಣೂರಿನ ಶಾಸನ, ಅದರ ಕಲ್ಲು ನಂತರದ ಪ್ರತಿಯಾದರೂ, ದಾನಕಾಲಕ್ಕೆ ಅರಸನು ಮಾನ್ಯಖೇಟದಲ್ಲಿ ಇದ್ದನೆನ್ನುತ್ತದೆ. ಆದರೆ 866ರ ಸಿರೂರಿನ ಶಾಸನದಲ್ಲಿ ಅದೇ ನೃಪತುಂಗನಿಗೆ ಕುಲದ ಬಿರುದಾಗಿ ಬರುವುದು ಲಟ್ಟಲೂರ ಪುರವರಾಧೀಶ್ವರನೆಂಬುದು. ಅರಸನ ಮನೆ ಮಾನ್ಯಖೇಟದಲ್ಲಿ, ಮನೆತನದ ಹೆಮ್ಮೆ ಲಟ್ಟಲೂರಿನಲ್ಲಿ!

ನಗರದ ಅಳಿವಿನ ಕಾಲವನ್ನು ತಿಳಿಸುವ ಸಾಕ್ಷಿ ವಿಚಿತ್ರವಾದದ್ದು. ಧಾರಾನಗರದ ಧನಪಾಲಕವಿ ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟನ್ನು ರಚಿಸಿದನು. ಅದರ ಕೊನೆಯಲ್ಲಿ, ಮಾಳವದವರು ಮಾನ್ಯಖೇಟವನ್ನು ಕೊಳ್ಳೆಹೊಡೆದ ವಿಕ್ರಮಸಂವತ್ಸರ 1029ರಲ್ಲಿ ಇದು ಸಿದ್ಧವಾಯಿತೆಂದು ಕಾಲವನ್ನು ಗುರುತಿಸಿದ್ದಾನೆ. ಅದು ಕ್ರಿ. ಶ. 972, ಕೊಳ್ಳೆ ಹೊಡೆದವನು ಪರಮಾರ ಸೀಯಕ, ಸೋತವನು ಖೊಟ್ಟಿಗ. ಗೆದ್ದ ಊರಿನ ಅಣ್ಣನೊಬ್ಬ ತಂಗಿಗೆ ಕೊಟ್ಟ ಶಬ್ದಪಟ್ಟಿಯ ಅಂಚಿನಲ್ಲಿ ಒಂದು ಸಾಮ್ರಾಜ್ಯದ ಪತನ ದಾಖಲಾಗಿದೆ. ಸೋತ ಊರಿನ ಕಡೆಯಿಂದ ಮಾತನಾಡಿದವನು ಪುಷ್ಪದಂತ. ಎಲ್ಲಿಂದಲೋ ಬಡವನಾಗಿ ಬಂದು, ಮೂರನೆಯ ಕೃಷ್ಣನ ಮಂತ್ರಿಯಾದ ಭರತನ ಮನೆಯಲ್ಲಿ ಆಶ್ರಯ ಪಡೆದು, 965ರಲ್ಲಿ ಅಪಭ್ರಂಶದ ‘ಮಹಾಪುರಾಣ’ವನ್ನು ಮುಗಿಸಿದ ಈತನು, ದೀನರಿಗೆ ದಿಕ್ಕಾಗಿದ್ದ ನಗರವು ಸುಟ್ಟುಹೋದ ಮೇಲೆ ಇನ್ನು ತಾನೆಲ್ಲಿ ನೆಲಸಲೆಂದು ಮರುಗುವ ಶ್ಲೋಕವೊಂದು ಆ ಗ್ರಂಥದ ಹಸ್ತಪ್ರತಿಗಳಲ್ಲಿ ದೊರೆತಿದೆ. ಮರುವರ್ಷವೇ ಚಾಳುಕ್ಯ ತೈಲಪನು ರಾಷ್ಟ್ರಕೂಟರ ಆಳಿಕೆಯನ್ನು ಮುಗಿಸಿದನು. ಬಳಿಕ ರಾಜೇಂದ್ರಚೋಳನ ತಮಿಳು ಮೆಯ್ಕೀರ್ತಿಯಲ್ಲಿ ಊರು ‘ಮಣ್ಣೈಕ್ಕಡಕ್ಕಂ’ ಎಂದು ಕಾಣಿಸಿಕೊಳ್ಳುತ್ತದೆ. ಅದರ ಉತ್ತರಪದ ‘ಕಟಕ’. ಎಂದರೆ ದಂಡಿನ ಪಾಳೆಯ, ರಾಜಬೀಡು. ಶತ್ರುವಿನ ಬಾಯಲ್ಲಿ ಊರಿನ ಸ್ವರೂಪವೇ ಅದರ ಹೆಸರಾದಂತಿದೆ.

ಈಗ ಭಾಷೆಯ ಪ್ರಶ್ನೆಗೆ ಬರೋಣ. ಹತ್ತನೆಯ ಶತಮಾನದ ಅರಬ್ಬೀ ಲೇಖಕ ಅಲ್ ಮಸೂದಿಯು ಬಲ್ಹರಾ ಎಂಬ ದೊರೆಯ ರಾಜಧಾನಿಯಾದ ಮಾನ್ಕೀರು ಸಮುದ್ರದಿಂದ 80 ಸಿಂಧೀ ಪರಸಾಂಗ ದೂರವೆಂದೂ ಅಲ್ಲಿಯ ಜನ ‘ಕೀರಿಯಾ’ ಎಂಬ ಭಾಷೆಯನ್ನಾಡುವರೆಂದೂ ಆ ಹೆಸರು ಸ್ಥಳದಿಂದ ಬಂದುದೆಂದೂ ಬರೆದಿದ್ದಾನೆ. ಬಲ್ಹರಾ ಎಂದರೆ ವಲ್ಲಭರಾಜ, ಮಾನ್ಕೀರು ಎಂದರೆ ಮಾನ್ಯಖೇಟ. ಕೀರಿಯಾ ಕನ್ನಡವೇ ಆಗಿರಬಹುದು. ಹೊರಗಿನವನು ರಾಜಧಾನಿಯಿಂದ ಭಾಷೆಯನ್ನು ಗುರುತಿಸಿದನು, ಅದು ಸಹಜವೇ. ಒಳಗಿನವರು ಹಾಗೆ ಮಾಡಲಿಲ್ಲ. ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಹರಡಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿ ತಿರುಳನ್ನು ಇರಿಸುತ್ತದೆ. ಈ ನಾಲ್ಕರಲ್ಲಿ ಮಳಖೇಡಕ್ಕೆ ಹತ್ತಿರದ ಕಿಸುವೊಳಲು, ಎಂದರೆ ಪಟ್ಟದಕಲ್ಲು, ನೇರವಾಗಿ ಅಳೆದರೂ ಸುಮಾರು 125 ಮೈಲಿ ದೂರ. ನೃಪತುಂಗನ ಅನುಮತದಿಂದ ಶ್ರೀವಿಜಯನು ರಚಿಸಿದ ಗ್ರಂಥದಲ್ಲಿ ನೃಪತುಂಗನ ಪಟ್ಟಣಕ್ಕೆ ಆ ಗೌರವವಿಲ್ಲ.

ಇದು ಮರೆವೆಂದು ಹೇಳಲಾಗದು. ಹೊಗಳಿಕೆಯೇ ಗುರಿಯಾಗಿದ್ದರೆ ಸೀಮೆಯನ್ನು ಈಶಾನ್ಯಕ್ಕೆ ಸ್ವಲ್ಪ ಹಿಗ್ಗಿಸಿ ರಾಜಧಾನಿಯನ್ನು ಒಳಗೊಳ್ಳುವುದಕ್ಕೆ ಕವಿಗೆ ಅಡ್ಡಿಯೇನಿತ್ತು? ಮಲಪ್ರಭೆಯ ನಾಡಿನಲ್ಲಿ ಬಾದಾಮಿಯ ಚಾಳುಕ್ಯರ ಕಾಲದಿಂದ ಕನ್ನಡವು ಕಲ್ಲಿನ ಮೇಲೆ ಪದ್ಯವಾಗಿ ನಿಂತಿತ್ತು. ಕಪ್ಪೆ ಅರಭಟ್ಟನ ಶಾಸನವೊಂದೇ ಅದಕ್ಕೆ ಸಾಕು. ಮಾನ್ಯಖೇಟವಾದರೋ ಗ್ರಂಥ ಹುಟ್ಟಿದಾಗ ಇನ್ನೂ ಎಳೆಯ ಊರು. ಅದು ನಿಂತ ನೆಲ ತೆಲುಗಿಗೂ ಮಹಾರಾಷ್ಟ್ರೀಯರ ನುಡಿಗೂ ಹತ್ತಿರದ ಗಡಿ. ಅಲ್ಲಿ ನೆರೆದವರು ದಂಡಿನವರು, ಕರಣಿಕರು, ವ್ಯಾಪಾರಿಗಳು, ಸಂಸ್ಕೃತ ಪ್ರಾಕೃತಗಳ ಮುನಿಗಳು. ಹೀಗೆ ಕೂಡಿದ ಕಟಕದ ಮಾತನ್ನು ಲಕ್ಷಣಕಾರನು ಪ್ರಮಾಣವೆಂದು ಎತ್ತಿಹಿಡಿಯಲಿಲ್ಲ.

ಈ ವಾದಕ್ಕೆ ಪಂಪನೇ ಬೆಂಬಲ. 941ರಲ್ಲಿ ಅವನು ಬರೆದದ್ದು ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಸ್ಥಾನದಲ್ಲಿ. ಆ ವೇಮುಲವಾಡ ಮಳಖೇಡಕ್ಕೂ ಈಶಾನ್ಯದಲ್ಲಿ, ಇಂದಿನ ತೆಲಂಗಾಣದಲ್ಲಿ ಇದೆ. ಆದರೂ ತನ್ನ ಭಾರತದ ನುಡಿ ಪುಲಿಗೆರೆಯ ತಿರುಳೆಂದು ಅವನು ಹೇಳಿಕೊಂಡನು, ಚಕ್ರವರ್ತಿಯ ಊರಿನದೆಂದಲ್ಲ. ರಾಜಧಾನಿ ಉಚ್ಛ್ರಾಯದಲ್ಲಿದ್ದಾಗಲೂ ನುಡಿಯ ಮಾನದಂಡ ಅಲ್ಲಿಗೆ ಸರಿಯಲಿಲ್ಲವೆಂಬುದು ಇದರಿಂದ ಸ್ಪಷ್ಟ. ಅದೇ ಆಸ್ಥಾನದಲ್ಲಿ ಮೂರನೆಯ ಕೃಷ್ಣನಿಂದ ಪೊನ್ನನು ಉಭಯಕವಿಚಕ್ರವರ್ತಿಯೆಂಬ ಬಿರುದು ಪಡೆದುದನ್ನು ಎದುರಿಗೆ ಒಡ್ಡುವವರುಂಟು. ಆದರೆ ಬಿರುದು ಕೊಡುವ ಅಧಿಕಾರ ಬೇರೆ, ನುಡಿಗೆ ನೆಲೆಯಾಗುವುದು ಬೇರೆ. ಕವಿಗಳಿಗೆ ಪೋಷಕರಾದ ಅರಸರು ತಮ್ಮ ಊರಿನ ಮಾತನ್ನೇ ಕಾವ್ಯದ ಮೇಲೆ ಹೇರಲಿಲ್ಲವೆಂಬುದನ್ನು ಅವರ ದೊಡ್ಡ ಗುಣವೆಂದು ನಾನು ಎಣಿಸುತ್ತೇನೆ.

ಹಾಗೆಂದು ಈ ಸೀಮೆಯ ಕನ್ನಡವನ್ನು ಬಡವೆಂದು ತಿಳಿಯತಕ್ಕದ್ದಲ್ಲ. ಸೇಡಂ ಚಿತ್ತಾಪುರಗಳ ಕಡೆಯ ಹುಡುಗರ ಮಾತನ್ನು ತಿದ್ದುವ ಉತ್ಸಾಹದಲ್ಲಿ ಇದನ್ನು ಮರೆಯುವ ಉಪಾಧ್ಯಾಯರು ಚಿತ್ತಾಪುರದ ಪಕ್ಕದ ನಾಗಾವಿಗೆ ಒಮ್ಮೆ ಹೋಗಿಬರಬೇಕು. ಮಳಖೇಡದಿಂದ ಅದು ಹತ್ತು ಮೈಲಿಯ ಆಸುಪಾಸು. ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. 1058ರ ಅಲ್ಲಿಯ ಶಾಸನವು ಮಧುಸೂದನ ದಂಡನಾಯಕನು ನಡೆಸಿದ ಘಟಿಕಾಸ್ಥಾನವೊಂದನ್ನು ವರ್ಣಿಸುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ಅವರಿಗೆ ತಕ್ಕ ಉಪಾಧ್ಯಾಯರು, ಅವರೊಡನೆ ಪುಸ್ತಕಗಳನ್ನು ಕಾಯುವುದಕ್ಕೆ 6 ಮಂದಿ ಸರಸ್ವತೀ ಭಂಡಾರಿಗಳು. ಆ ಹೊತ್ತಿಗೆ ರಾಜಧಾನಿ ಕಲ್ಯಾಣಕ್ಕೆ ಹೋಗಿತ್ತು. ಮಾನ್ಯಖೇಟದ ಕಟಕ ಚದರಿತ್ತು. ಭಂಡಾರಿಗಳಿಗೆ ಬಿಟ್ಟ ಭೂಮಿಯ ಲೆಕ್ಕವನ್ನು ಕಲ್ಲಿನ ಮೇಲೆ ಕನ್ನಡದಲ್ಲಿಯೇ ಕೊರೆಯಿಸಿದ್ದಾರೆ.